ಪಡುವಣ ಕಿಟಕಿಯ ಬಸರಿ ಮರ

“ಇನ್ನೊಂದ್ಸಲ ಯೋಚನೆ ಮಾಡಿ ಸಿಸ್ಟರ್. ಕಡಿದ ಮೇಲೆ ಅಂಟಿಸೋಕಾಗಲ್ಲ.”

ಮರ ಕಡಿಯಲು ಬಂದವನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಆಸ್ಪತ್ರೆಯ ಬಸರಿ ಮರದಡಿ ನಿಂತಿದ್ದ. ಅವನ ನೋಟಕ್ಕೆ ಹೆರಿಗೆ ವಾರ್ಡಿನ ನರ್ಸಮ್ಮನ ಎದೆ ಝಲ್ಲೆಂದಿತು. ಆದರೆ ಮನಸ್ಸು ಸೋತಷ್ಟು ಸುಲಭವಾಗಿ ಹಟ ಸೋಲುತ್ತದೆಯೇ?

“ಹಕ್ಕಿ ಗಲೀಜು ಕಿಟಕಿ ತುಂಬಾ ಬೀಳ್ತಿದೆ. ಅರ್ಜಿ ಬರೆದವಳೇ ನಾನು. ಕಡೀರಿ.”

“ಕೊಂಬೆ ಸವರಿದ್ರೆ ಸಾಕಲ್ವಾ?”

“ನಿಮ್ಮ ಕೆಲಸ ನೀವು ನೋಡ್ಕೊಳ್ಳಿ.”

ಸಂಜೆಯೊಳಗೆ ಮರ ನೆಲಕ್ಕುರುಳಿತು. ಹೋಗುವಾಗ ಅವನು ತಿರುಗಿಯೂ ನೋಡಲಿಲ್ಲ.

ಬೇಸಿಗೆ ಬಂದಾಗ ಅವಳಿಗೆ ತಾನು ಮಾಡಿದ್ದೇನೆಂದು ಗೊತ್ತಾಯಿತು. ವರ್ಷದಿಂದ ವರ್ಷಕ್ಕೆ ಬಿಸಿಲು ಏರುತ್ತಲೇ ಇತ್ತು. ವಾರ್ಡಿನ ಪಡುವಣ ಕಿಟಕಿಯಾಚೆ ಅದನ್ನು ತಡೆದು ನಿಲ್ಲಿಸಿದ್ದು ಆ ಒಂದು ಮರ. ಈಗ ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು. ಕಿಟಕಿಗೆ ಕಟ್ಟಿದ ಒದ್ದೆ ಬೆಡ್‌ಶೀಟು ಅರ್ಧ ಗಂಟೆಯಲ್ಲಿ ಒಣಗುತ್ತಿತ್ತು. ಮೈತುಂಬ ಬೆವರುಸಾಲೆ ಎದ್ದ ಎರಡು ದಿನದ ಕೂಸು ಅತ್ತರೆ ಅವಳಿಗೂ ಅಳು ಬರುತ್ತಿತ್ತು.

‘ಎರಡು ಸಾಲಿನ ಅರ್ಜಿ... ನನ್ನದೇ ಕೈಬರಹ.’

ಒಮ್ಮೆ ಮರ ಕಡಿದವನೆದುರು ತಪ್ಪು ಒಪ್ಪಿಕೊಂಡರೆ ಎದೆ ಹಗುರಾದೀತು. ಆದರೆ ರಸ್ತೆಯಲ್ಲಿ ಅವಳನ್ನು ಕಂಡರೆ ಅವನು ಸೈಕಲ್ ತಿರುಗಿಸಿಕೊಂಡು ಹೋಗುತ್ತಿದ್ದ. ‘ನನ್ನ ಮುಖ ನೋಡೋಕೂ ಇಷ್ಟವಿಲ್ಲ ಅವನಿಗೆ’ ಎಂದುಕೊಂಡು ಮಾತು ನುಂಗಿಕೊಂಡಳು. ಹೀಗೇ ಎರಡು ಬೇಸಿಗೆ ಕಳೆದವು.

ಮೊದಲ ಮಳೆಯ ಮರುದಿನ ಬೆಳಿಗ್ಗೆ ಕಿಟಕಿಯಾಚೆ ಗುದ್ದಲಿ ಸದ್ದಾಯಿತು. ಅವನೇ! ಪಕ್ಕದಲ್ಲಿ ಆಳೆತ್ತರದ ನಾಲ್ಕು ಕೊಂಬೆಗಳು. ಬುಡದಲ್ಲಿ ಬೇರು, ತುದಿಯಲ್ಲಿ ಎಳೆಚಿಗುರು.

ಅವಳು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

“ಇವು... ಎಲ್ಲಿಂದ?”

“ಅದೇ ಮರದ್ದು. ಅವತ್ತೇ ಒಯ್ದು ಮನೆ ಹಿಂದೆ ನೆಟ್ಟಿದ್ದೆ. ಬಸರಿ ಕೊಂಬೆ ನೆಟ್ರೆ ಬೇರು ಬಿಡುತ್ತೆ.”

“ಮತ್ತೆ ನನ್ನ ಕಂಡ್ರೆ ಯಾಕೆ ತಪ್ಪಿಸ್ಕೊಂಡು ಹೋಗ್ತಿದ್ರಿ? ನನ್ನ ಮೇಲೆ ಕೋಪ ಅಂದ್ಕೊಂಡಿದ್ದೆ.”

“ಕೋಪ ನನ್ನ ಮೇಲೇ. ತಪ್ಪು ಅಂತ ಗೊತ್ತಿದ್ದೂ ಕೊಡಲಿ ಹಾಕಿದೆ... ನೀವು ಹೇಳಿದ್ರಿ ಅಂತ. ಬೇರೆ ಯಾರೇ ಹೇಳಿದ್ರೂ ಆಗಲ್ಲ ಅಂತಿದ್ದೆ. ಇವು ಚಿಗುರಿದ ಮೇಲೇ ಮುಖ ತೋರಿಸೋಣ ಅಂತ ಕಾದೆ.”

ಅವಳ ಕಣ್ಣು ತುಂಬಿ ಬಂತು.

“ತಪ್ಪಾಯ್ತು. ಎರಡು ವರ್ಷದಿಂದ ಇದೊಂದು ಮಾತು ಗಂಟಲಲ್ಲೇ ಇತ್ತು... ನೆರಳು ಬರೋಕೆ ಎಷ್ಟು ದಿನ ಬೇಕು?”

“ದಿನ ಅಲ್ಲ. ಆರೇಳು ವರ್ಷ.”

ಅಷ್ಟೂ ವರ್ಷ ಹುಟ್ಟುವ ಕೂಸುಗಳು ಬಿಸಿಲಲ್ಲೇ ಬೇಯಬೇಕು. ಆ ತಪ್ಪನ್ನು ಯಾವ ಚಿಗುರೂ ಅಳಿಸುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಮೆಲ್ಲನೆ ಒಂದು ಕೊಂಬೆಯನ್ನು ನೆಟ್ಟಗೆ ಹಿಡಿದಳು. ಅವನು ಮಣ್ಣು ಎಳೆದ.

“ನೀರು ನಾನು ಹಾಕ್ತೀನಿ. ನೀವು... ಆಗಾಗ ಬರ್ತೀರಾ?”

“ಇರು ಅಂದ್ರೆ, ಹೋಗೋದೇ ಇಲ್ಲ.”

“ಇರಿ.”