ಕ್ವುನ್ ಟಾಂಗ್ ಮಿನಿಬಸ್ಸಿನ ಮೂಗ

ಚಾಕುವಿನ ತುದಿ ನನ್ನ ಎಡ ಪಕ್ಕೆಗೆ ತಾಗಿತ್ತು.

ಹಂದಿ ಮಾಂಸ ಕಡಿಯುವ ಚಾಕು. ಹಿಡಿದವನಿಗೆ ಅದರ ಬಳಕೆ ಚೆನ್ನಾಗಿ ಗೊತ್ತಿತ್ತು. ಮೂವತ್ತು ವರ್ಷದಿಂದ ಅದೇ ಕಸುಬು!

"ನಾಲ್ಕು ದಿನದಿಂದ ನೋಡ್ತಿದೀನಿ..." ಕಿವಿಯ ಹತ್ತಿರ ಬಾಯಿ ತಂದು ಹೇಳಿದ. "ನಾವು ಹತ್ತಿದ ಗಾಡಿಗೇ ನೀನೂ ಹತ್ತೀಯ. ಯಾರಮ್ಮ ನೀನು?"

"ಪ್ಯಾಸೆಂಜರ್ರು."

"ಹಲ್ಲು ಉದುರಿಸ್ತೀನಿ!"

"ಎರಡು ಆಗ್ಲೇ ಉದುರಿವೆ. ಕಟ್ಟಿಸ್ಕೊಂಡಿದೀನಿ."

ಅವನು ನಗಲಿಲ್ಲ. ತುದಿ ಇನ್ನೂ ಒಂದು ಕೂದಲೆಳೆಯಷ್ಟು ಒಳಗೆ ಬಂತು. ಹೆದರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

"ಬಾಯಿ ಮುಚ್ಕೊಂಡು ಕೂತ್ಕೋ. ನಮ್ಮ ಸ್ಟಾಪ್ ಬಂದಾಗ ನಾನು ಕೂಗ್ತೀನಿ. ಮೂರು ಜನಾನೂ ಇಳಿಯೋಣ. ಅಲ್ಲಿ ಮಾತಾಡೋಣ."

ಆಗ ಬೆಳಿಗ್ಗೆ ಹನ್ನೊಂದು ಗಂಟೆ. ಕ್ವುನ್ ಟಾಂಗ್‌ನಿಂದ ಚುನ್ ವಾನ್‌ಗೆ ಹೋಗುವ ಕೆಂಪು ಮಿನಿಬಸ್. ಡ್ರೈವರ್ ತಲೆಯ ಮೇಲಿನ ಬೋರ್ಡಿನಲ್ಲಿ ವೇಗದ ಅಂಕಿ ಕೆಂಪಗೆ ಹೊಳೆಯುತ್ತಿತ್ತು... ಎಪ್ಪತ್ತಾರು... ಎಪ್ಪತ್ತೊಂಬತ್ತು. ಎಂಬತ್ತು ದಾಟಿದರೆ ಅದು ಟೀ ಟೀ ಅಂತ ಬಡಿದುಕೊಳ್ಳುತ್ತದೆ. ನಮ್ಮ ಹಾಂಗ್‌ಕಾಂಗಿನಲ್ಲಿ ಆ ಸದ್ದಿಗೆ ಯಾರೂ ತಲೆ ಎತ್ತುವುದಿಲ್ಲ.

ನಾನು ಕಡೆಯ ಸಾಲಿನಲ್ಲಿದ್ದೆ. ಪಕ್ಕದಲ್ಲಿ ಈ ಕಟುಕ, ಫುಂಗ್ ತಾಯ್. ಮುಂದೆ, ಡ್ರೈವರ್ ಹಿಂದಿನ ಸೀಟಿನಲ್ಲಿ, ಅವನ ತಮ್ಮ ಫುಂಗ್ ಯಿಕ್.

ಮೂಗ.

ಹಾಗಂತ ಡಾಕ್ಟರ ಚೀಟಿ ಹೇಳುತ್ತಿತ್ತು. ನನಗೆ ನಂಬಿಕೆ ಇರಲಿಲ್ಲ.

ನನ್ನ ಹೆಸರು ಶಮ್. ಊರೆಲ್ಲ ಶಮ್ ಅಕ್ಕ ಅನ್ನುತ್ತಾರೆ. ರಸ್ತೆ ಅಪಘಾತದ ಕೇಸುಗಳಲ್ಲಿ ಲಾಯರುಗಳಿಗೆ ಸತ್ಯ ಹುಡುಕಿಕೊಡುವುದು ನನ್ನ ಕೆಲಸ. ಕೆಲವು ಸಲ ಅವರಿಗೆ ಬೇಡದ ಸತ್ಯವೂ ಸಿಗುತ್ತದೆ... ಅದಿರಲಿ.

ಮೂರು ತಿಂಗಳ ಹಿಂದೆ, ಇದೇ ದಾರಿಯಲ್ಲಿ, ಕ್ವೋಕ್ ಅನ್ನುವ ಡ್ರೈವರನ ಮಿನಿಬಸ್ ಫುಟ್‌ಪಾತ್ ಹತ್ತಿತು. ತಳ್ಳುಗಾಡಿಯಲ್ಲಿ ರಟ್ಟು ಆಯುತ್ತಿದ್ದ ಒಬ್ಬ ಮುದುಕಿ ಅಲ್ಲೇ ಸತ್ತಳು. ಹಳೇ ಗಾಡಿ, ಒಳಗೆ ಕ್ಯಾಮೆರಾ ಇರಲಿಲ್ಲ. ಇದ್ದವನು ಒಬ್ಬನೇ ಪ್ಯಾಸೆಂಜರ್. ಈ ಯಿಕ್.

ಕ್ವೋಕ್ ಹೇಳಿದ್ದು ಇಷ್ಟು: "ಹಿಂದಿದ್ದೋನು ಕೊನೇ ಗಳಿಗೇಲಿ ಇಳಿಯೋರಿದೀವಿ ಅಂತ ಒಂದ್ಸಲ ಕೂಗ್ದ. ನಿಲ್ಸೋಕೆ ಜಾಗ ಇರ್ಲಿಲ್ಲ. ಎದ್ದು ಬಂದು ಸ್ಟೇರಿಂಗ್ ಎಳೆದ!"

ಯಿಕ್ ಕಾಗದದ ಮೇಲೆ ಬರೆದುಕೊಟ್ಟ: "ನನಗೆ ಗಂಟಲ ಆಪರೇಷನ್ ಆಗಿದೆ. ಧ್ವನಿ ಹೋಗಿದೆ. ನಾನು ಹೇಗೆ ಕೂಗಲಿ? ಡ್ರೈವರ್ ತೂಕಡಿಸುತ್ತಿದ್ದ."

ಜೊತೆಗೆ ಒಂದು ವರ್ಷದ ಹಿಂದಿನ ಡಾಕ್ಟರ ಚೀಟಿ.

ಮುಗಿಯಿತು! ಮೂಗನನ್ನು ಎದುರಿಗೆ ನಿಲ್ಲಿಸಿ ಅಡ್ಡಪ್ರಶ್ನೆ ಹಾಕುವುದಾದರೂ ಹೇಗೆ? ತೀರ್ಪು ಈ ದಿನವೇ, ಮಧ್ಯಾಹ್ನ ಎರಡೂವರೆಗೆ. ಏನೂ ಸಿಗದಿದ್ದರೆ ಕ್ವೋಕ್‌ಗೆ ಐದಾರು ವರ್ಷ ಜೈಲು. ಅವನ ಮಗಳು ಸಾವ್ ಲಿಂಗ್ ನನ್ನ ಮನೆ ಬಾಗಿಲಲ್ಲಿ ನಿಂತು ಹೇಳಿದ್ದಳು, "ನಮ್ಮಪ್ಪ ಕೋಪಿಷ್ಠ ಅಕ್ಕ, ಒಪ್ಕೋತೀನಿ. ಆದ್ರೆ ಸುಳ್ಳು ಹೇಳೋರಲ್ಲ."

ಹಾಗೆ ಹೇಳುವ ಮಗಳ ಮುಖ ನೋಡಿದರೆ ಯಾರಾದರೂ ಕರಗುತ್ತಾರೆ. ನಾನೂ ಕರಗಿದೆ.

ಯಿಕ್‌ನ ಮೇಲೆ ನನಗೆ ಅನುಮಾನ ಬಂದದ್ದು ಬೆನ್ನು ಹತ್ತಿದ ಎರಡನೇ ದಿನ. ಅವನು ಈಗ ಕೆಂಪು ಮಿನಿಬಸ್ಸಿಗೆ ಒಬ್ಬನೇ ಹತ್ತುತ್ತಲೇ ಇರಲಿಲ್ಲ. ಜೊತೆಗೆ ಅಣ್ಣ, ಅವನ ಕೈಯಲ್ಲಿ ರಕ್ತ ಸೋರುವ ಮಾಂಸದ ಡಬ್ಬಿ. ಮೆಟ್ರೋದಲ್ಲಿ ಜನ ಮೂಗು ಮುಚ್ಚಿಕೊಳ್ಳುತ್ತಾರೆ, ಹಾಗಾಗಿ ಮಿನಿಬಸ್. ಸರಿ. ಆದರೆ ಕೆಂಪು ಮಿನಿಬಸ್ಸಿನಲ್ಲಿ ಬೆಲ್ ಇಲ್ಲ. ಗೊತ್ತಾದ ಸ್ಟಾಪೂ ಇಲ್ಲ. ಇಳಿಯಬೇಕಾದವನು ಕೂಗಬೇಕು. ಕೇಳಿಸಿದರೆ ಡ್ರೈವರ್ ಒಂದು ಕೈ ಮೇಲೆತ್ತುತ್ತಾನೆ. ಇಲ್ಲಿ ಹುಟ್ಟಿದ ಮಗು ಅಮ್ಮಾ ಅಂದ ಮೇಲೆ ಕಲಿಯುವುದು ಇದನ್ನೇ.

ಪ್ರತಿ ಸಲ ಅಣ್ಣನೇ ಕೂಗುತ್ತಿದ್ದ.

ಆದರೆ... ಅಣ್ಣ ಕೂಗುವ ಒಂದು ಕ್ಷಣ ಮೊದಲು, ತಮ್ಮನ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ತೆರೆದು, ಮುಚ್ಚಿಕೊಳ್ಳುತ್ತಿತ್ತು.

ಲಾಯರಿಗೆ ಹೇಳಿದೆ. "ಬಾಯಿ ತೆರೆದದ್ದನ್ನ ಜಡ್ಜ್ ಮುಂದೆ ಇಡೋಕಾಗುತ್ತಾ ಶಮ್ ಅಕ್ಕ? ಧ್ವನಿ ತಂದ್ಕೊಡಿ!" ಅಂದ.

ಧ್ವನಿ ಬೇಕೆಂದರೆ ಅಣ್ಣನ ಬಾಯಿ ಮುಚ್ಚಿಸಬೇಕಿತ್ತು.

ಈ ಗಾಡಿಯ ಡ್ರೈವರ್ ಬಿಯು ನನ್ನ ಹಳೇ ಪರಿಚಯ. ಬೆಳಿಗ್ಗೆ ಇಬ್ಬರೂ ಮಾತಾಡಿಕೊಂಡಿದ್ದೆವು. ನಾನು ಎರಡು ಸಲ ಕೆಮ್ಮಿದರೆ ಬ್ರೇಕ್! ಅಣ್ಣ ಉರುಳಿದರೆ ಕೂಗದಂತೆ ನಾನು ಅದುಮಿ ಹಿಡಿಯುವುದು. ಆಮೇಲೆ ಬಿಯುಗೆ ಏನೂ ಕೇಳಿಸಬಾರದು... ಯಾರಾದರೂ ಬಾಯಿಬಿಟ್ಟು ಕೂಗುವ ತನಕ.

ಯೋಜನೆ ಚೆನ್ನಾಗಿಯೇ ಇತ್ತು. ಚಾಕು ಮಾತ್ರ ಅದರಲ್ಲಿ ಇರಲಿಲ್ಲ.

ಈಗ ಬ್ರೇಕ್ ಹಾಕಿದರೆ ಅದು ಸೀದಾ ನನ್ನೊಳಗೆ.

"ಗಂಟಲು ಒಣಗಿದೆ," ಅಂದೆ. "ಒಂದು ಗುಟುಕು ಟೀ ಕುಡೀಲಾ?"

"ಆಟ ಆಡ್ತೀಯಾ?"

"ನಿನ್ನ ಕೈಲಿ ಚಾಕು ಇದೆ. ನನ್ನ ಕೈಲಿ ಫ್ಲಾಸ್ಕು. ಹೆದ್ರಿಕೇನಾ?"

ಅವನು ಗುರ್ ಅಂದ. ಬೇಡ ಅನ್ನಲಿಲ್ಲ. ಬ್ಯಾಗಿನಿಂದ ಸ್ಟೀಲ್ ಫ್ಲಾಸ್ಕ್ ತೆಗೆದೆ. ಮುಚ್ಚಳ ತಿರುಗಿಸುವ ನೆಪದಲ್ಲಿ ಅದನ್ನು ಪಕ್ಕೆಗೂ ಚಾಕುವಿಗೂ ನಡುವೆ ತಂದೆ. ಇನ್ನೊಂದು ಕೈಯಲ್ಲಿ ಸೀಟ್ ಬೆಲ್ಟ್ ಮುಟ್ಟಿ ನೋಡಿದೆ. ಬಿಗಿಯಾಗಿತ್ತು. ಅವನು ಹಾಕಿರಲಿಲ್ಲ. ಪೊಲೀಸರು ಕಂಡರಷ್ಟೇ ಬೆಲ್ಟ್ ನೆನಪಾಗುವ ಜನ ನಾವು.

ಕೆಮ್ಮಿದೆ.

ಇನ್ನೊಮ್ಮೆ ಕೆಮ್ಮಿದೆ.

ಕೀಈಈಚ್..!

ಚಾಕು ಫ್ಲಾಸ್ಕಿಗೆ ಉಜ್ಜಿ ಕಿಡಿ ಹಾರಿತು. ತಾಯ್ ಸೀಟಿನಿಂದ ಎದ್ದು ಹೋದ. ಮುಂದಿನ ಸೀಟಿನ ಕಂಬಿಗೆ ಗದ್ದ ಬಡಿದು ನಡುವಿನ ದಾರಿಯಲ್ಲಿ ಬಿದ್ದ. ಚಾಕು ಸೀಟುಗಳ ಕೆಳಗೆ ಜಾರಿ ಎಲ್ಲೋ ಹೋಯಿತು.

ಗಾಡಿ ತುಂಬ ಗಲಾಟೆ!

"ಯಾವ್ ಪುಣ್ಯಾತ್ಮ ನಿಂಗೆ ಲೈಸೆನ್ಸ್ ಕೊಟ್ಟಿದ್ದು?"

"ಅಯ್ಯೋ ನನ್ ಮೊಟ್ಟೆ!" ಮುಂದೆ ಕುಳಿತಿದ್ದ ಒಬ್ಬ ಅಜ್ಜಿ ಚೀಲ ಅಪ್ಪಿಕೊಂಡು ಕೂಗಿದಳು.

"ನಾಯಿ ಅಡ್ಡ ಬಂತು ಅಜ್ಜಿ!" ಬಿಯು ಆಗಲೇ ಗೇರ್ ಹಾಕಿದ್ದ.

ನಾನು ಬೆಲ್ಟ್ ಬಿಚ್ಚಿ ತಾಯ್ ಪಕ್ಕ ಮಂಡಿಯೂರಿದೆ. ಅವನು ಬಾಯಿ ತೆರೆದ. ಬಂದದ್ದು ಮಾತಲ್ಲ, ರಕ್ತ! ನಾಲಿಗೆ ಕಚ್ಚಿಕೊಂಡಿದ್ದ. ಏಳಲು ಹೋದವನ ಬೆನ್ನ ಮೇಲೆ ನನ್ನ ಎಂಬತ್ತು ಕೆಜಿಯ ಮೊಣಕಾಲು ಊರಿದೆ.

"ಪಾಪ, ಬಿದ್ಬಿಟ್ರು... ಅಲ್ಲಾಡ್ಬೇಡಿ ಅಣ್ಣ, ನಾನಿದೀನಿ!" ಎಲ್ಲರಿಗೂ ಕೇಳುವಂತೆ ಹೇಳಿದೆ.

ಯಿಕ್ ತಿರುಗಿ ನೋಡಿದ. ಅಣ್ಣನ ಬಾಯಲ್ಲಿ ರಕ್ತ ಕಂಡು ಅವನ ಮುಖ ಬಿಳಚಿಕೊಂಡಿತು. ಎದ್ದ. ಆದರೆ ನಡುವೆ ಚೀಲಗಳು, ಕಾಲುಗಳು, ಬೈಯುವ ಜನ. ಗಾಡಿ ಓಲಾಡಿತು. ಮತ್ತೆ ಕುಳಿತ.

ಚೋಯ್ ಹುಂಗ್ ದಾಟಿತು.

ವೊಂಗ್ ತಾಯ್ ಸಿನ್ ಬಂತು. ಅವರು ದಿನಾ ಇಳಿಯುವ ಜಾಗ. ಅಲ್ಲಿ ಅವರಮ್ಮ ಊಟಕ್ಕೆ ಕಾಯುತ್ತಿರುತ್ತಾಳೆ. ಅದು ತಪ್ಪಿದರೆ ಮುಂದೆ ಗುಡ್ಡದ ಪಕ್ಕದ ದೊಡ್ಡ ರಸ್ತೆ. ಮೈಲಿಗಟ್ಟಲೆ ಎಲ್ಲೂ ನಿಲ್ಲಿಸುವ ಹಾಗಿಲ್ಲ.

ಯಿಕ್ ಕಂಬಿಗೆ ನಾಣ್ಯ ಬಡಿದ. ಟಣ್ ಟಣ್ ಟಣ್!

ಬಿಯು ರೇಡಿಯೋ ಜೋರು ಮಾಡಿದ. ರೇಸಿನ ಕಾಮೆಂಟರಿ, ಯಾವುದೋ ಕುದುರೆ ಓಡುತ್ತಿತ್ತು.

ಯಿಕ್ ಚಪ್ಪಾಳೆ ತಟ್ಟಿದ.

ಬಿಯು ಹಾರ್ನ್ ಹೊಡೆದ.

ಎದೆ ಮೇಲಿನ ಜೇಬಿನಲ್ಲಿ ಫೋನ್ ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಒಂದು ಕ್ಷಣ ನನ್ನ ಮೇಲೇ ಅನುಮಾನ ಬಂತು. ನಿಜವಾಗಿಯೂ ಮೂಗನಾಗಿದ್ದರೆ? ಒಬ್ಬ ಬಡಪಾಯಿಯನ್ನು ಹೀಗೆ ಗೋಳು ಹುಯ್ದುಕೊಳ್ಳುತ್ತಿದ್ದೇನೆಯೇ?

ಅಷ್ಟರಲ್ಲಿ ಮೊಟ್ಟೆಯಜ್ಜಿ ಅವನ ಕಡೆ ನೋಡಿದಳು.

"ಅಯ್ಯೋ, ಈ ಮಗೂಗೆ ಮಾತು ಬರಲ್ಲ ಅನ್ಸುತ್ತೆ... ಏಯ್ ಡ್ರೈ..."

ಸತ್ತೆ! ಒಳ್ಳೆಯವರಿಂದ ಆಗುವಷ್ಟು ಅನಾಹುತ ಕೆಟ್ಟವರಿಂದ ಆಗುವುದಿಲ್ಲ.

"ಅಜ್ಜೀ! ಮೊಟ್ಟೆ ಸೋರ್ತಿದೆ ನೋಡಿ!"

ಅಜ್ಜಿ ಕೂಗು ನುಂಗಿ ಚೀಲದೊಳಗೆ ತಲೆ ಹಾಕಿದಳು.

ಗಾಡಿ ಏರು ಹತ್ತಿತು. ಎಪ್ಪತ್ತೆಂಟು... ಎಂಬತ್ತು... ಎಂಬತ್ತೊಂದು... ಟೀ ಟೀ ಟೀ!

ಯಿಕ್ ಕಿಟಕಿಯಾಚೆ ಹಿಂದೆ ಸರಿಯುತ್ತಿದ್ದ ತನ್ನ ಕೇರಿಯನ್ನು ನೋಡಿದ. ಅಣ್ಣನನ್ನು ನೋಡಿದ. ಅಣ್ಣ ನೆಲದ ಮೇಲಿಂದ ಬೇಡ ಬೇಡ ಅಂತ ತಲೆ ಆಡಿಸುತ್ತಿದ್ದ.

ತಡವಾಗಿತ್ತು.

"ಏಯ್! ಇಳಿಯೋರಿದೀವಿ!"

ಗೊಗ್ಗರು ಧ್ವನಿ. ಹರಿದ ತಗಡಿನ ಧ್ವನಿ. ಆದರೆ ಧ್ವನಿ!

"ಇಳಿಯೋರಿದೀವಿ ಅಂದ್ನಲ್ಲ! ಕಿವುಡಾ ನೀನು? ನಮ್ಮಣ್ಣಂಗೆ ರಕ್ತ ಸೋರ್ತಿದೆ! ನೀವೆಲ್ಲಾ ಒಂದೇ... ಅವತ್ತು ಆ ಕ್ವೋಕೂ ಹೀಗೇ! ಮೂರು ಸಲ ಕೂಗಿದೆ, ಮೂರು ಸಲ! ಕೈ ಎತ್ಲಿಲ್ಲ. ಸ್ಟೇರಿಂಗ್ ಹಿಡಿದು ಎಳೆಯೋ ತನಕ..."

ಥಟ್ಟನೆ ನಿಲ್ಲಿಸಿದ.

ತನ್ನ ಮಾತು ತನಗೇ ಕೇಳಿಸಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ವೇಗದ ಬೋರ್ಡ್ ಇನ್ನೂ ಟೀ ಟೀ ಅನ್ನುತ್ತಿತ್ತು.

ಬಿಯು ಮೆಲ್ಲಗೆ ಒಂದು ಕೈ ಮೇಲೆತ್ತಿದ. ಕೇಳಿಸಿತು.

ಮುಂದೆ ರಸ್ತೆ ಅಗಲವಾದ ಕಡೆ ಗಾಡಿ ನಿಂತಿತು. ಬಾಗಿಲು ತೆರೆದದ್ದೇ ತಡ ಯಿಕ್ ಹಾರಿದ. ಗುಡ್ಡದ ಮೆಟ್ಟಿಲು ಹಿಡಿದು ಓಡಿದ. ನಾನು ಬೆನ್ನಟ್ಟಲಿಲ್ಲ. ಓಡುವುದು ಅವನ ಕಾಲು. ಧ್ವನಿ ನನ್ನ ಜೇಬಿನಲ್ಲಿತ್ತು.

ನೆಲದ ಮೇಲೆ ತಾಯ್ ಅಳುತ್ತಿದ್ದ. ಅಷ್ಟು ದೊಡ್ಡ ಗಂಡಸು, ಮಗುವಿನ ಹಾಗೆ. ಊದಿದ ನಾಲಿಗೆಯಲ್ಲಿ ತೊದಲಿದ.

"ಅವ್ನು ಬೇಕಂತ ಮಾಡ್ಲಿಲ್ಲಕ್ಕ... ಅವತ್ತು ಅಮ್ಮ ಮಾರ್ಕೆಟ್ಟಲ್ಲಿ ತಲೆ ತಿರುಗಿ ಬಿದ್ದಿದ್ಲು. ಓಡಿ ಬಾ ಅಂತ ನಾನೇ ಮೆಸೇಜ್ ಮಾಡಿದ್ದೆ. ಮಾರ್ಕೆಟ್ ಎದುರಿಗೇ ಕೂಗಿದ್ನಂತೆ... ಆ ಡ್ರೈವರ್ ನಿಲ್ಸೇ ಇಲ್ಲ."

"ಹಾಗಿದ್ರೆ ಯಾಕಪ್ಪ ಮೂಗನ ವೇಷ?"

"ಮುದುಕಿ ಸತ್ತೋದ್ಲಲ್ಲ! ಹೆದರ್ಕೊಂಡ. ಆಪರೇಷನ್ ಆದ್ಮೇಲೆ ಆರು ತಿಂಗಳು ಮಾತಿರ್ಲಿಲ್ಲ, ಅದು ನಿಜ. ಚೀಟಿ ಮನೇಲೇ ಇತ್ತು... ನಾನೇ ಕೊಟ್ಟೆ."

ಮೊಣಕಾಲು ತೆಗೆದೆ. ಕರವಸ್ತ್ರ ಕೊಟ್ಟೆ. ಮೊಟ್ಟೆಯಜ್ಜಿ ನನ್ನನ್ನು ಪೊಲೀಸರನ್ನು ನೋಡುವ ಹಾಗೆ ನೋಡುತ್ತಿದ್ದಳು.

ನನ್ನ ತಲೆಯಲ್ಲಿ ಒಂದೇ ಮಾತು ಕೊರೆಯುತ್ತಿತ್ತು.

ಮೂರು ಸಲ.

ಎರಡೂವರೆಗೆ ವಾನ್ ಚಾಯ್‌ನ ಕೋರ್ಟಿನಲ್ಲಿ ಲಾಯರ್ ರೆಕಾರ್ಡಿಂಗ್ ಹಾಕಿಸಿದ. ಜಡ್ಜ್ ಕೇಳಿದರು. ಇನ್ನೊಮ್ಮೆ ಹಾಕಿಸಿ ಕೇಳಿದರು. ತೀರ್ಪು ಮುಂದಕ್ಕೆ ಹೋಯಿತು. ಯಿಕ್‌ನನ್ನು ಹುಡುಕಿ ತರಲು ಆರ್ಡರ್ ಆಯಿತು. ಕ್ವೋಕ್‌ಗೆ ಜಾಮೀನು.

ಹೊರಗೆ ಮೆಟ್ಟಿಲ ಮೇಲೆ ಸಾವ್ ಲಿಂಗ್ ನನ್ನನ್ನು ತಬ್ಬಿಕೊಂಡು ಅತ್ತಳು. "ಹೇಳಿದ್ನಲ್ಲಕ್ಕ! ನಮ್ಮಪ್ಪ ಸುಳ್ಳು ಹೇಳೋರಲ್ಲ!" ಬಿಯುಗೆ ಗಾಡಿ ತರಲು ಹೇಳುತ್ತೇನೆಂದು ಓಡಿದಳು.

ನಾನು ಕ್ವೋಕ್ ಪಕ್ಕ ನಿಂತೆ. ಅವನು ಸಿಗರೇಟು ಹಚ್ಚಿದ. ಅರವತ್ತರ ಗಂಡಸು.

"ಮೂರು ಸಲ ಕೂಗಿದ್ನಂತೆ," ಅಂದೆ.

"ಅವ್ನು ಸುಳ್ಳ. ನೀವೇ ಸಾಬೀತು ಮಾಡಿದ್ರಲ್ಲ."

"ಮೂಗ ಅನ್ನೋದು ಸುಳ್ಳು. ಅಂಥ ಕೋಪದಲ್ಲಿ ಬಾಯಿಗೆ ಬಂದದ್ದು ಸುಳ್ಳಲ್ಲ. ಕ್ವೋಕ್... ನಿನಗೆ ಎಷ್ಟು ಸಲ ಕೇಳಿಸ್ತು?"

ಅವನು ರಸ್ತೆ ನೋಡಿದ.

"ಹೇಳು. ಒಂದಾ?"

"...ಮೂರೂ ಕೇಳಿಸ್ತು."

"ಕೈ ಯಾಕೆ ಎತ್ಲಿಲ್ಲ?"

"ರಸ್ತೇಲಿ ಮುಂದೆ ಗಾಡಿಗೆ ಕಾಯ್ತಾ ಆರೇಳು ಜನ ನಿಂತಿದ್ರಕ್ಕ. ನನ್ನ ಹಿಂದೇನೇ ಇನ್ನೊಂದು ಗಾಡಿ ಬರ್ತಿತ್ತು. ಇವನೊಬ್ಬನಿಗೋಸ್ಕರ ನಿಲ್ಸಿದ್ರೆ ಅವನು ನನ್ನ ದಾಟಿ ಹೋಗಿ ಎಲ್ರನ್ನೂ ಹತ್ತಿಸ್ಕೊಳ್ತಿದ್ದ. ಮುಂದೆ ಇಳಿದು ನಡ್ಕೊಂಡು ಬರ್ಲಿ ಅಂದ್ಕೊಂಡೆ. ಇನ್ನೂರು ಹೆಜ್ಜೆ! ಅಷ್ಟೇ ಅಕ್ಕ... ಇನ್ನೂರು ಹೆಜ್ಜೆ."

ಆ ಇನ್ನೂರು ಹೆಜ್ಜೆಯ ನಡುವೆಯೇ ಮುದುಕಿ ತನ್ನ ರಟ್ಟಿನ ಗಾಡಿ ತಳ್ಳುತ್ತಾ ಬರುತ್ತಿದ್ದಳು. ನಾಲ್ಕು ದಿನ ಊರಿನ ಎಲ್ಲರನ್ನೂ ಅನುಮಾನಿಸಿದ್ದೆ, ಯಾರಿಗಾಗಿ ಓಡಾಡಿದೆನೋ ಅವನೊಬ್ಬನನ್ನು ಬಿಟ್ಟು.

"ಮಗಳಿಗೆ ಹೇಳ್ಬೇಡಿ," ಅಂದ.

"ನಾನು ಹೇಳಲ್ಲ. ಮುಂದಿನ ವಾರ ಕಟಕಟೆಗೆ ಕರೀತಾರೆ, ನೀನೇ ಹೇಳ್ತೀಯ. ಅವಳು ಮುಂದಿನ ಸಾಲಲ್ಲೇ ಕೂತಿರ್ತಾಳೆ. ನೀನು ಒಂದು ಸಲ ಅಂದ್ರೆ, ನಾನೆದ್ದು ಮೂರು ಅಂತೀನಿ."

ಅವನು ತಲೆ ತಗ್ಗಿಸಿದ.

ಬಿಯುವಿನ ಕೆಂಪು ಮಿನಿಬಸ್ ಮೆಟ್ಟಿಲ ಮುಂದೆ ಬಂದು ನಿಂತಿತು. ಸಾವ್ ಲಿಂಗ್ ಕಿಟಕಿಯಿಂದ ಕೈ ಬೀಸಿದಳು. "ಹತ್ತಿ ಶಮ್ ಅಕ್ಕ! ಎಲ್ಲಿ ಹೇಳ್ತೀರೋ ಅಲ್ಲೇ ಇಳಿಸ್ತೀವಿ!"

ಬೇಡ ಅಂತ ತಲೆ ಆಡಿಸಿದೆ. ರಸ್ತೆ ದಾಟಿ ಟ್ರಾಮ್ ಹತ್ತಿದೆ.

ಆಮೆಯ ಹಾಗೆ ಹೋಗುತ್ತದೆ, ನಿಜ. ಆದರೆ ಯಾರೂ ಕೂಗದಿದ್ದರೂ ಪ್ರತಿ ಸ್ಟಾಪಿನಲ್ಲೂ ನಿಲ್ಲುತ್ತದೆ.