ರಾಣಿ ಬರುವವರೆಗೆ

ನಾನು ಬೆಟ್ಟದಪುರಕ್ಕೆ ಹೋದದ್ದು ಡಾಕ್ಯುಮೆಂಟರಿ ಮಾಡಲು, ನಾಟಕ ಆಡಲು ಅಲ್ಲ. ಊರಿನವರು ಪೌರಾಣಿಕ ನಾಟಕವನ್ನು ಹೇಗೆ ಕಲಿಯುತ್ತಾರೆ ಅನ್ನುವುದಷ್ಟೇ ನನ್ನ ವಿಷಯ. ಪ್ರತಿ ಭಾನುವಾರ ಅವರ ಪ್ರಾಕ್ಟೀಸನ್ನು ಶೂಟ್ ಮಾಡಿ ಸಂಜೆ ಬಸ್ಸಿಗೆ ಮೈಸೂರಿನ ರೂಮಿಗೆ ವಾಪಸ್. ಅಲ್ಲಿ ನನಗಾಗಿ ಕಾಯುವವರು ಯಾರೂ ಇರಲಿಲ್ಲ.

ಇಲ್ಲಿ ಗಂಡಸರ ಪಾತ್ರಗಳೆಲ್ಲ ಊರಿನವರದೇ. ರಾಣಿಯ ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆ ಬರುತ್ತಾರೆ, ಅದೂ ನಾಟಕದ ದಿನ. ಅಲ್ಲಿಯವರೆಗೆ ರಾಣಿಯ ಜಾಗ ಖಾಲಿ. ಎರಡನೇ ಭಾನುವಾರ, ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಶಿವನಂಜಪ್ಪ, ಕ್ಯಾಮೆರಾ ಅದರ ಪಾಡಿಗೆ ಓಡಲಿ, ನೀವು ಇಲ್ಲಿ ನಿಂತು ರಾಣಿ ಮಾತು ಓದಿ ಅಂದರು.

ರಾಜನ ಪಾತ್ರ ಮಹೇಂದ್ರನದು. ಹೊಗೆಸೊಪ್ಪು ಬೆಳೆಯುವವನು, ಬೆರಳಿನ ಅಂಟು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಮೊದಲ ದಿನ ಗೋಡೆ ನೋಡುತ್ತ ಮಾತು ಒಪ್ಪಿಸಿದ. ಮುಂದಿನ ವಾರ ಅವನ ನೋಟ ನನ್ನ ಕಿವಿಯೋಲೆವರೆಗೆ ಬಂತು. ಅದರ ಮುಂದಿನ ವಾರ ಕಣ್ಣಿಗೆ ಬಂದದ್ದು ಆಮೇಲೆ ಅಲ್ಲಿಂದ ಕದಲಲೇ ಇಲ್ಲ.

"ನೀನಿಲ್ಲದ ಅರಮನೆಯಲ್ಲಿ ನನಗೇನು ಕೆಲಸ?" ಎಂದು ರಾಜ ರಾಣಿಯನ್ನು ಕೇಳಬೇಕು. ನಾಟಕದ ಮಾತು ಅಂತ ಗೊತ್ತಿದ್ದೂ ಅದನ್ನು ಕೇಳಲು ವಾರವಿಡೀ ಕಾಯುತ್ತಿದ್ದೆ. ಅದು ನನಗೆ ಹೇಳಿದ್ದಲ್ಲವಲ್ಲ ಅಂತ ಬಸ್ಸಿನಲ್ಲಿ ಒಬ್ಬಳೇ ಸಂಕಟಪಡುತ್ತಿದ್ದೆ.

ನಾಟಕದ ದಿನ ಬೆಳಿಗ್ಗೆಯೇ ಕಲಾವಿದೆ ಪುಷ್ಪಾ ಬಂದರು. ನಾನು ಜನರ ನಡುವೆ, ಕ್ಯಾಮೆರಾ ಹಿಂದೆ. ಆ ಮಾತಿನ ಹೊತ್ತಿಗೆ ಮಹೇಂದ್ರ ಪಕ್ಕದಲ್ಲಿದ್ದ ರಾಣಿಯನ್ನು ಬಿಟ್ಟು ನೇರ ನನ್ನ ಕಡೆ ತಿರುಗಿ ಹೇಳಿಬಿಟ್ಟ. ಜನ ಶಿಳ್ಳೆ ಹೊಡೆದರು. ಪುಷ್ಪಾ ಪಳಗಿದವರು, ಅವನ ಭುಜ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡು ಆಟ ಮುಂದುವರಿಸಿದರು.

ನಾಟಕ ಮುಗಿದ ಮೇಲೆ ಅವನು ಬಣ್ಣ ಒರೆಸಿಕೊಳ್ಳುತ್ತ ಕೂತಿದ್ದ. ಕ್ಯಾಮೆರಾ ನೋಡಿಕೊಂಡು ಮಾತಾಡಿದಿರಿ, ಅಷ್ಟನ್ನು ಕತ್ತರಿಸಬೇಕಾಗುತ್ತೆ ಅಂದೆ. ಬೇರೇನನ್ನೂ ಹೇಳಲು ನನಗೆ ಧೈರ್ಯವಿರಲಿಲ್ಲ.

"ಕತ್ತರಿಸ್ಕಳಿ ಬುಡಿ," ಅಂದ. "ನಾನು ಕ್ಯಾಮೆರಾ ನೋಡ್ನಿಲ್ಲ ಕಣ್ರೀ, ನಿಮ್ಮುನ್ನ ನೋಡ್ದೆ. ಆ ಮಾತ್ನ ಇನ್ನೊಬ್ರುಗೆ ಹೇಳಾಕೆ ನಂಗೆ ಬಾಯೇ ಬರ್ನಿಲ್ಲ."

ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದ, ಬಿಚ್ಚಿದ. ಮುಂದಿನ ಭಾನುವಾರ ಪ್ರಾಕ್ಟೀಸ್ ಇಲ್ಲ, ನೀವು ಬರೋಕೆ ಕಾರಣವೂ ಇಲ್ಲ ಅಂತ ತಲೆ ತಗ್ಗಿಸಿಕೊಂಡೇ ಹೇಳಿದ.

ರಾಣಿಯ ಉತ್ತರ ನನಗೆ ಬಾಯಿಪಾಠವಾಗಿತ್ತು. ಅದನ್ನು ಹೇಳಲಿಲ್ಲ.

"ಭಾನುವಾರ ಬರ್ತೀನಿ," ಅಂದೆ. "ಕ್ಯಾಮೆರಾ ತರಲ್ಲ."