ಹಾವಸೆಗೆ ಒಂದು ಚಮಚ ಗ್ಲೂಕೋಸ್

“ಹಾವಸೆ ಸಾಲಲ್ಲಿ ಬರೀ ಚುಕ್ಕಿ,” ಎಂದರು ಅಪ್ಪ. ಪುಟ್ಟ ಗುಳಿಗಳ ತಟ್ಟೆಯನ್ನು ಮತ್ತೆ ಬೆಳಕಿಗೆ ಹಿಡಿದರು. “ಅಕ್ಕ ತಪ್ಪು ತಿಳ್ಕೊಂಡಿದ್ಲು.”

ಲ್ಯಾಬಿನ ಎತ್ತರದ ಸ್ಟೂಲಿನ ಮೇಲೆ ಹೋಂವರ್ಕ್ ಬರೆಯುತ್ತಿದ್ದ ಗುಬ್ಬಿಯ ಪೆನ್ಸಿಲ್ ನಿಂತಿತು.

ಅಪ್ಪನ ಅಕ್ಕ, ಅಂದರೆ ಗುಬ್ಬಿಯ ಅತ್ತೆ, ತೀರಿಕೊಂಡು ಒಂದು ತಿಂಗಳಾಗಿತ್ತು. ಅಕ್ಕ ತಮ್ಮ ಇಬ್ಬರದೂ ಇದೇ ಲ್ಯಾಬು. ಸಕ್ಕರೆ ಹಿಡಿಯುವ ಪ್ರೋಟೀನು ಯಾವ ಯಾವ ಗಿಡದಲ್ಲಿದೆ ಎಂದು ಹುಡುಕುವುದೇ ಕೆಲಸ. ಬೀನ್ಸಿನದು ಒಂದು ಮನೆತನ, ಬೆಳ್ಳುಳ್ಳಿಯದು ಇನ್ನೊಂದು, ಗೋಧಿಯದು ಮತ್ತೊಂದು.

ಗಿಡದ ರಸಕ್ಕೆ ಒಂದು ಹನಿ ರಕ್ತ ಬೆರೆಸುತ್ತಾರೆ. ರಕ್ತದ ಕಣಗಳ ಮೈಮೇಲೂ ಸಕ್ಕರೆ ಇರುತ್ತದೆ. ಪ್ರೋಟೀನು ಅವನ್ನು ಹಿಡಿದು ಜೋಡಿಸಿದರೆ ಕೆಂಪು ಚಾಪೆ ಹಾಸಿದಂತೆ ಕಾಣುತ್ತದೆ. ಹಿಡಿಯದಿದ್ದರೆ ಕಣಗಳು ಜಾರಿ, ತಳದಲ್ಲಿ ಚುಕ್ಕಿಯಾಗುತ್ತವೆ.

“ಬಂಡೆ ಮೇಲಿನ ಹಾವಸೆಗೂ ಸಕ್ಕರೆ ಹಿಡಿಯೋ ಕೈ ಇದೆ ಕಣೇ,” ಎನ್ನುತ್ತಿದ್ದರು ಅತ್ತೆ. ಒಂದೊಂದು ಗಿಡಕ್ಕೂ ಒಂದೊಂದು ದನಿ ತೆಗೆಯುತ್ತಿದ್ದರು. ಬೀನ್ಸಿಗೆ ಹೆಡ್‌ಮಾಸ್ಟರ್ ದನಿ: “ಎಲ್ಲಿ ನನ್ನ ಸಕ್ಕರೆ? ಸೈಲೆನ್ಸ್.” ಹಾವಸೆಗೆ ಹಲ್ಲಿಲ್ಲದ ಅಜ್ಜಿಯ ದನಿ: “ಒಂಚೂರು ಛಕ್ಕರೆ ಕೊಡು ಮಗಾ. ಕೈ ಚಾಚಿ ಚಾಚಿ ಛಾಕಾಯ್ತು.”

ಅಪ್ಪ ನೋಟ್‌ಬುಕ್ಕಿನಲ್ಲಿ ‘ಹಾವಸೆ: ಇಲ್ಲ’ ಎಂದು ಬರೆದರು.

“ಅಪ್ಪಾ, ಹಾಗೆ ಬರೀಬೇಡ. ಅತ್ತೆದು ತಪ್ಪಲ್ಲ.” ಗುಬ್ಬಿ ಪೆನ್ಸಿಲ್ ಕೆಳಗಿಟ್ಟಳು. “ನಿನ್ನೆ ಹಾವಸೆ ರಸದ ಬಾಟ್ಲಿಗೆ ನಾನು ಗ್ಲೂಕೋಸ್ ಹಾಕ್ದೆ. ಸ್ಪೋರ್ಟ್ಸ್‌ಗೆ ತಂದಿದ್ದು. ಒಂದು ಚಮಚ.”

“ಯಾಕೆ?”

“ಅದು ಕೇಳ್ತಿತ್ತಲ್ಲ. ಅತ್ತೆ ಇಲ್ದೆ ಇನ್ಯಾರು ಕೊಡ್ತಾರೆ ಅದಕ್ಕೆ?”

ಅಪ್ಪ ತಟ್ಟೆಯ ಚುಕ್ಕಿಗಳನ್ನು ಇನ್ನೊಮ್ಮೆ ನೋಡಿದರು.

“ಕೈ ತುಂಬ ಗ್ಲೂಕೋಸ್ ಇದ್ರೆ, ಪಾಪ, ರಕ್ತದ ಕಣ ಹೇಗೆ ಹಿಡಿಯುತ್ತೆ ಅದು,” ಎಂದರು.

“ಇನ್ನೊಂದ್ಸಲ ಮಾಡೋಣ?”

ಅಪ್ಪ ಬಾಟಲಿಯನ್ನು ಬೋರಲು ಹಿಡಿದರು. ಒಂದು ಹನಿಯೂ ಬೀಳಲಿಲ್ಲ. “ಇದೇ ಕೊನೇದು ಗುಬ್ಬಿ. ಈ ಹಾವಸೆ ಇದ್ದ ಬಂಡೆ ಒಡೆದು ರೋಡ್ ಮಾಡಿಬಿಟ್ರು.”

ಬಾಟಲಿಯ ಮೇಲೆ ಅತ್ತೆಯ ಓರೆ ಅಕ್ಷರ ಇನ್ನೂ ಇತ್ತು.

ಅಪ್ಪ ‘ಇಲ್ಲ’ ಎಂಬುದನ್ನು ಹೊಡೆದು ಹಾಕಿ, ಪಕ್ಕದಲ್ಲಿ ‘ಗೊತ್ತಾಗಲಿಲ್ಲ’ ಎಂದು ಬರೆದರು.

“ಅತ್ತೆ ಇದ್ದಿದ್ರೆ ಬೈತಿದ್ರಾ?”

“ಬೈಯದೆ ಬಿಡ್ತಿದ್ಲಾ? ಬೀನ್ಸ್ ದನಿಯಲ್ಲಿ.”

ಗುಬ್ಬಿ ಆ ದನಿ ತೆಗೆಯಲು ನೋಡಿದಳು. ಬರಲಿಲ್ಲ.

ಅಪ್ಪ ಹಾಗೇ ನಿಂತಿದ್ದರು, ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ಖಾಲಿ ಬಾಟಲಿ. ಈ ಒಂದು ತಿಂಗಳಿಂದ ಅವರ ಕೈಯಲ್ಲಿ ಯಾವಾಗಲೂ ಏನಾದರೊಂದು ಇದ್ದೇ ಇರುತ್ತಿತ್ತು.

ಗುಬ್ಬಿ ಸ್ಟೂಲಿನಿಂದ ಇಳಿದಳು. ಪೆನ್ನು ತೆಗೆದುಕೊಂಡು ಟೇಬಲ್ಲಿನ ಮೇಲಿಟ್ಟಳು. ಬಾಟಲಿಯನ್ನು ಮೆಲ್ಲಗೆ ಬಿಡಿಸಿ ಸ್ಟ್ಯಾಂಡಿಗೆ ಸೇರಿಸಿದಳು. ಆಮೇಲೆ ಹತ್ತಿರ ನಿಂತು ಕಾದಳು.

ಖಾಲಿಯಾದ ಎರಡೂ ಕೈಗಳು ಅವಳನ್ನು ಹಿಡಿದುಕೊಂಡವು.